ಸಡಿಲ ಅಂಗಿಗೆ ಯಾವ ಬಟ್ಟೆ? ಮುಂಬೈ ಬೆವರು, ಮಳೆ, ಲೋಕಲ್ ಟ್ರೇನ್ ನೋಡಿ ಆರಿಸೋಣ

ಹೋದ ವರ್ಷ ಜೂನ್‌ನಲ್ಲಿ ನಮ್ಮ ಅಣ್ಣನ ಮಗ ಹುಬ್ಬಳ್ಳಿಯಿಂದ ಡೊಂಬಿವಲಿಗೆ ಬಂದ. ಮಾಟುಂಗದಲ್ಲಿ ಕಾಲೇಜು, ನಮ್ಮ ಮನೆಯಲ್ಲಿ ವಾಸ. ಬಂದ ಎರಡನೇ ವಾರಕ್ಕೇ ನನ್ನ ಹೊಲಿಗೆ ಮಷಿನ್ ಪಕ್ಕದಲ್ಲಿ ಬಂದು ಕೂತ. "ಅತ್ತಿ, ನನಗ ಒಂದು ಓವರ್‌ಸೈಜ್ ಶರ್ಟ್ ಹೊಲದು ಕೊಡು. ಖಣದಾಗ. ಎಲ್ಲಿ ತಗೊಂಡಿ ಅಂತ ಕಾಲೇಜಿನಾಗ ಎಲ್ಲಾರೂ ಕೇಳಬೇಕು" ಅಂದ.

ನನ್ನ ತವರು ಗುಳೇದಗುಡ್ಡದ ಕಡೆ, ಕುಬಸದ ಬಟ್ಟೆಯಾದ ಖಣ ನೇಯುವ ಊರು. ಹತ್ತೊಂಬತ್ತು ವರ್ಷದ ಹುಡುಗನ ಬಾಯಲ್ಲಿ ಖಣದ ಹೆಸರು ಕೇಳಿ ನನಗೆ ಎದೆ ತುಂಬಿ ಬಂತು. ಟ್ರಂಕಿನಲ್ಲಿದ್ದ ಖಣಗಳನ್ನೆಲ್ಲ ತೆಗೆದೆ. ಮದುವೆ ಮುಂಜಿಯಲ್ಲಿ ಉಡಿ ತುಂಬಿದವು, ತ್ರಿಕೋನವಾಗಿ ಮಡಚಿ ಇಟ್ಟವು. ಬಣ್ಣ ಹೊಂದುವ ನಾಲ್ಕನ್ನು ಆರಿಸಿ ಜೋಡಿಸಿ ಅಂಗಿ ಹೊಲಿದೆ. ನೋಡೋಕೆ ಬಹಳ ಚಂದ ಬಂದಿತ್ತು. ಹುಡುಗ ಹಾಕಿಕೊಂಡು ಕನ್ನಡಿ ಮುಂದೆ ಹತ್ತು ನಿಮಿಷ ನಿಂತಿದ್ದ.

ಸಂಜೆ ಬಂದಾಗ ಮುಖ ಸಣ್ಣದಾಗಿತ್ತು. ಕುರ್ಲಾದಲ್ಲಿ ಇಳಿಯುವವರ ನೂಕಾಟಕ್ಕೆ ಕಂಕುಳ ಹತ್ತಿರ ಬಾಯಿ ಬಿಟ್ಟಿತ್ತು. ನಾನು ಬೆಳಕಿಗೆ ಹಿಡಿದು ನೋಡಿದೆ. ಹೊಲಿಗೆ ಹರಿದಿರಲಿಲ್ಲ. ದಾರ ಗಟ್ಟಿಯಾಗೇ ಇತ್ತು. ಬಟ್ಟೆಯ ಎಳೆಗಳೇ ದಾರವನ್ನು ಬಿಟ್ಟು ಜಾರಿದ್ದವು. ಒಳಗಿನ ಬಿಳಿ ಬನಿಯನ್‌ನ ಬೆನ್ನೆಲ್ಲ ಕೆಂಪಾಗಿತ್ತು. "ಭಾಳ ಸೆಕಿ ಆಗ್ತದ ಅತ್ತಿ" ಅಂತ ಮೆಲ್ಲಗೆ ಹೇಳಿದ.

ಅವತ್ತಿಂದ ಈ ಒಂದು ವರ್ಷ ಇದೇ ಕೆಲಸ ಮಾಡಿದ್ದೇನೆ. ಅವನಿಗೆ, ಅವನ ಗೆಳೆಯರಿಗೆ, ನಮ್ಮ ಸೊಸೈಟಿಯ ಹುಡುಗಿಯರಿಗೆ ಬೇರೆ ಬೇರೆ ಕೈಮಗ್ಗದ ಬಟ್ಟೆಯಲ್ಲಿ ಸಡಿಲ ಅಂಗಿ, ಜೋಲು ಪ್ಯಾಂಟು, ಜಾಕೆಟ್ಟು ಹೊಲಿದಿದ್ದೇನೆ. ಯಾವುದು ಉಳಿಯಿತು, ಯಾವುದು ಕಪಾಟಿನ ಮೂಲೆ ಸೇರಿತು ಅಂತ ನೋಡಿದ್ದೇನೆ. ಬಟ್ಟೆ ಅಂಗಡಿಯಲ್ಲಿ ಕಣ್ಣು ಮೊದಲು ವಿನ್ಯಾಸಕ್ಕೆ ಹೋಗುತ್ತದೆ. ಆದರೆ ಮುಂಬೈಯಲ್ಲಿ ಬಟ್ಟೆ ಆರಿಸಬೇಕಾದ್ದು ಬೆನ್ನಿನ ಲೆಕ್ಕದಲ್ಲಿ. ವಿನ್ಯಾಸಕ್ಕೆ ಅಂಗಿಯಲ್ಲಿ ಬೇರೆ ಜಾಗ ಇದೆ.

ಮೊದಲು ಸಡಿಲ ಅಂಗಿ ಅಂದರೇನು ನೋಡೋಣ

ಈಗಿನ ಮಕ್ಕಳು ಹಾಕುವ ಅಂಗಿಯಲ್ಲಿ ಭುಜದ ಹೊಲಿಗೆ ಭುಜದ ಮೇಲೆ ಇರುವುದಿಲ್ಲ. ಎರಡು ಮೂರು ಇಂಚು ತೋಳಿನ ಮೇಲೆ ಇಳಿದಿರುತ್ತದೆ. ಮೈ ಅಗಲ, ತೋಳು ಅಗಲ, ಉದ್ದ ಸ್ವಲ್ಪ ಕಮ್ಮಿ. ಹೀಗಾಗಿ ಬಟ್ಟೆ ಮೈಗೆ ಅಂಟದೆ ಭುಜದಿಂದ ನೇತಾಡುತ್ತದೆ. ಅದು ಹೇಗೆ ಬೀಳುತ್ತದೆ ಅನ್ನುವುದರ ಮೇಲೇ ಅಂಗಿಯ ಚಂದ ನಿಂತಿದೆ.

ತೀರಾ ತೆಳು ಬಟ್ಟೆ ಆದರೆ ಬೆವರಿಗೆ ಮುದುಡಿ ಮೈಗೆ ಅಂಟುತ್ತದೆ. ತೀರಾ ದಪ್ಪ ಆದರೆ ಡಬ್ಬದ ಹಾಗೆ ನಿಲ್ಲುತ್ತದೆ. ಬಟ್ಟೆಯ ತೂಕವನ್ನು ಜಿಎಸ್‌ಎಂ ಅನ್ನುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಅಂಗಡಿಯಲ್ಲಿ ಸಿಗುವ ಮಾಮೂಲಿ ಟಿ-ಶರ್ಟ್ 160ರಿಂದ 180 ಇರುತ್ತದೆ. ಓವರ್‌ಸೈಜ್ ಅಂತ ಮಾರುವ ದಪ್ಪ ಟಿ-ಶರ್ಟ್ 220, 240ರ ತನಕ ಹೋಗುತ್ತದೆ. ಚಳಿ ಊರಿನ ಬೀದಿಗಳಲ್ಲಿ ಆ ತೂಕ ಸರಿ. ಮೇ ತಿಂಗಳ ಠಾಣೆ ಸ್ಟೇಷನ್ ಮೇಲ್ಸೇತುವೆಯಲ್ಲಿ ಅದು ಹಿಂಸೆ. ಮಗ್ಗದ ಬಟ್ಟೆಯ ಸಡಿಲ ಅಂಗಿಗೆ ನನ್ನ ಕೈಗೆ ಸಿಕ್ಕ ಉತ್ತರ 100ರಿಂದ 140. ಅಂಗಡಿಯವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಕೇಳಿ ಪ್ರಯೋಜನ ಇಲ್ಲ. ಬಟ್ಟೆಯನ್ನು ಒಂದೇ ಪದರ ಮಾಡಿ ಅಂಗೈ ಮೇಲೆ ಹಾಕಿ. ಕೆಳಗೆ ಬೆರಳಿನ ಆಕಾರ ಮಸುಕಾಗಿ ಕಂಡರೆ ಸರಿ. ಗೆರೆಗಳೂ ಕಂಡರೆ ತೆಳು. ಏನೂ ಕಾಣದಿದ್ದರೆ ಅದು ಪ್ಯಾಂಟಿನ ಬಟ್ಟೆ.

ಇನ್ನೊಂದು ಪರೀಕ್ಷೆ ನೀರು. ಬಾಟಲಿಯಿಂದ ಒಂದು ಹನಿ ಬಟ್ಟೆ ತುದಿಗೆ ಬಿಡಿ. ಹತ್ತಿ ಬಟ್ಟೆ ಗಂಜಿ ಇಲ್ಲದಿದ್ದರೆ ಅದನ್ನು ಬೇಗ ಕುಡಿದು ಸುತ್ತ ಹರಡುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಹನಿ ಮೇಲೇ ಕೂರುವುದು ಜಾಸ್ತಿ. ಹೊಸ ಕೈಮಗ್ಗದ ಬಟ್ಟೆಯಲ್ಲಿ ಗಂಜಿ ಇರುವುದರಿಂದ ಮೊದಲು ಆ ತುದಿಯನ್ನು ಬೆರಳಲ್ಲಿ ಉಜ್ಜಿ, ಮೆತ್ತಗೆ ಮಾಡಿ, ಆಮೇಲೆ ಹನಿ ಬಿಡಿ.

ಇಡೀ ಅಂಗಿಗೆ: ಖಾದಿಯೋ, ಮಂಗಳಗಿರಿಯೋ, ಮಲ್‌ಮಲ್ಲೋ

ಖಾದಿ ಮತ್ತು ಕೈಮಗ್ಗ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಕೈಮಗ್ಗದ ಬಟ್ಟೆಗೆ ನೂಲು ಮಿಲ್ಲಿನಿಂದ ಬಂದಿರಬಹುದು, ನೇಯ್ಗೆ ಮಾತ್ರ ಕೈಯದು. ಖಾದಿಯಲ್ಲಿ ನೂಲೂ ಕೈಯಲ್ಲಿ ತೆಗೆದದ್ದು, ನೇಯ್ಗೆಯೂ ಕೈಯದು. ಕೈನೂಲು ಒಂದೇ ಸಮ ಇರುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಆ ಏರುಪೇರಿನಿಂದ ಎಳೆಗಳ ನಡುವೆ ಗಾಳಿ ಆಡಲು ಜಾಗ ಉಳಿಯುತ್ತದೆ, ಬೆವರು ಬೇಗ ಹೀರುತ್ತದೆ.

ಸಡಿಲ ಅಂಗಿಗೆ ಖಾದಿ ಹೇಳಿ ಮಾಡಿಸಿದ ಹಾಗಿದೆ. ಮೊದಲ ತಿಂಗಳು ಸ್ವಲ್ಪ ಬಿರುಸು ಅನಿಸುತ್ತದೆ, ಕುತ್ತಿಗೆ ಹತ್ತಿರ ಚುಚ್ಚಿದ ಹಾಗೆ. ಐದಾರು ಸಲ ಒಗೆದ ಮೇಲೆ ಹಳೆ ಧೋತರದಷ್ಟು ಮೆತ್ತಗಾಗುತ್ತದೆ. ಅಣ್ಣನ ಮಗನ ಗೆಳೆಯನೊಬ್ಬನಿಗೆ ಬೂದು ಬಣ್ಣದ ಖಾದಿಯಲ್ಲಿ ಅಂಗಿ ಹೊಲಿದಿದ್ದೆ. ಇಸ್ತ್ರಿ ಇಲ್ಲದೆ ಹಾಕುತ್ತಾನೆ, ಸುಕ್ಕೇ ಅದರ ಚಂದ ಅನ್ನುತ್ತಾನೆ. ನಿಜ, ಆ ಅಂಗಿಗೆ ಸುಕ್ಕು ಒಪ್ಪುತ್ತದೆ. ಖಾದಿ ಅಂದರೆ ರಾಜಕಾರಣಿಗಳ ಬಟ್ಟೆ ಅನ್ನುವ ಮಾತು ಆ ಹುಡುಗರ ಬಾಯಲ್ಲಿ ಈಗ ಬರುವುದಿಲ್ಲ. ಅವರಿಗೆ ನಾನು ಹುಬ್ಬಳ್ಳಿಯ ಬೆಂಗೇರಿ ವಿಷಯ ಹೇಳಿದೆ. ನಮ್ಮ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಅಲ್ಲಿ, 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. "ನಮ್ಮೂರಾಗನ?" ಅಂತ ಅಣ್ಣನ ಮಗನೇ ಬೆರಗಾದ.

ಕೊಳ್ಳುವಾಗ ಒಂದು ಎಚ್ಚರ. ಪಾಲಿವಸ್ತ್ರ ಅಂತ ಬರುತ್ತದೆ. ಅದರಲ್ಲಿ ಪಾಲಿಯೆಸ್ಟರ್ ಬೆರೆತಿದೆ. ಸುಕ್ಕು ಕಮ್ಮಿ, ಬೇಗ ಒಣಗುತ್ತದೆ, ಬಾಳಿಕೆಯೂ ಇದೆ. ಆದರೆ ಬೆವರಿಗೆ ಅದು ಹತ್ತಿಯ ಸಮ ಅಲ್ಲ. ಬೋರ್ಡ್ ಮೇಲೆ ಖಾದಿ ಅಂತ ಇದ್ದರೂ "ಪೂರ್ತಿ ಹತ್ತಿಯಾ?" ಅಂತ ಬಾಯಿ ಬಿಟ್ಟು ಕೇಳಿ.

ಮಂಗಳಗಿರಿ ಆಂಧ್ರದ ಗುಂಟೂರಿನ ಕಡೆಯದು. ಮೈಯೆಲ್ಲ ಸಾದಾ, ಅಂಚಿನಲ್ಲಿ ಮಾತ್ರ ಸಣ್ಣ ಜರಿ ಪಟ್ಟಿ. ಅದಕ್ಕೆ ನಿಜಾಮ್ ಬಾರ್ಡರ್ ಅನ್ನುತ್ತಾರೆ. ಕುಣಿ ಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವ ಮಗ್ಗದಲ್ಲಿ ತಯಾರಾಗುತ್ತದೆ. ನೇಯ್ಗೆ ಒತ್ತಾಗಿ ಇರುತ್ತದೆ, ಹೊಲಿಗೆ ಜಾರುವುದಿಲ್ಲ. ಖಾದಿಗಿಂತ ನಯ. ಬಣ್ಣಗಳು ಹೊಳೆಯುತ್ತವೆ: ಸಾಸಿವೆ ಹಳದಿ, ಗಾಢ ಹಸಿರು, ನೇರಳೆ.

ಟೈಲರ್ ಆಗಿ ಹೇಳುತ್ತೇನೆ, ಕತ್ತರಿ ಹಾಕಲು ಇದರಷ್ಟು ಸುಖ ಕೊಡುವ ಕೈಮಗ್ಗದ ಬಟ್ಟೆ ನಾನು ಕಂಡಿಲ್ಲ. ಹೇಳಿದ ಹಾಗೆ ಕೇಳುತ್ತದೆ. ಜರಿ ಅಂಚನ್ನು ತೋಳಿನ ತುದಿಗೋ ಜೇಬಿನ ಬಾಯಿಗೋ ಬರುವ ಹಾಗೆ ಕಟಿಂಗ್ ಮಾಡಿದರೆ ಬೇರೆ ಅಲಂಕಾರ ಬೇಕಿಲ್ಲ. ನಾನು ಈಚೆಗೆ ತಂದದ್ದು ಮೀಟರಿಗೆ 300 ರೂಪಾಯಿ ಆಸುಪಾಸು. 44 ಇಂಚು ಪನ್ನದಲ್ಲಿ, ಅಂದರೆ ಬಟ್ಟೆಯ ಅಗಲದಲ್ಲಿ, ಒಂದು ಅರ್ಧತೋಳಿನ ಸಡಿಲ ಅಂಗಿಗೆ ಎರಡೂವರೆ ಮೀಟರ್ ಬೇಕು. ಎತ್ತರದ ಹುಡುಗ ಆದರೆ ಇನ್ನೊಂದು ಕಾಲು ಮೀಟರ್.

ಮಲ್‌ಮಲ್ ಅಂದರೆ ಬಹಳ ತೆಳು ಹತ್ತಿ ಬಟ್ಟೆ, ಮೈಗೆ ಬಹಳ ಹಿತ. ಅದಕ್ಕಿಂತ ತಂಪು ಬಟ್ಟೆ ಇಲ್ಲ. ಆದರೆ ಲೋಕಲ್‌ನಲ್ಲಿ ದಿನಾ ಓಡಾಡುವವರಿಗೆ ಬೇಡ. ಬ್ಯಾಗಿನ ಪಟ್ಟಿ ಉಜ್ಜಿ ಭುಜದಲ್ಲೇ ಜಾಳಾಗುತ್ತದೆ. ಮನೆಗೆ, ಭಾನುವಾರಕ್ಕೆ, ಗೋವಾಕ್ಕೆ ಹೋಗುವ ನಾಲ್ಕು ದಿನಕ್ಕೆ ಹೊಲಿಸಿಕೊಳ್ಳಿ. ಗೋವಾದ ಮಾತು ಬಂತು, ಅಲ್ಲಿಯ ಕುಣಬಿ ಜನರ ಕೆಂಪು ಚೌಕಳಿ ಸೀರೆ ನೋಡಿದ್ದೀರಾ? ಅದು ಮರೆಯಾಗುತ್ತಿದ್ದಾಗ ಅದಕ್ಕೆ ಮತ್ತೆ ಜೀವ ಕೊಡಲು ದುಡಿದವರು ಡಿಸೈನರ್ ವೆಂಡೆಲ್ ರಾಡ್ರಿಕ್ಸ್. 2020ರಲ್ಲಿ ತೀರಿಕೊಂಡರು. ಆ ಚೌಕಳಿಯಲ್ಲಿ ಸಡಿಲ ಅಂಗಿ ಬಹಳ ಒಪ್ಪುತ್ತದೆ. ಕೈಮಗ್ಗದ್ದೇ ಸಿಕ್ಕರೆ ಬಿಡಬೇಡಿ.

ಉಡುಪಿ ಸೀರೆಯ ಬಟ್ಟೆಯೂ ಇದೇ ಸಾಲಿನದು. ಹಗುರ, ತಂಪು, ಸಾದಾ. 2016ರಲ್ಲಿ ಜಿಐ ಗುರುತು, ಅಂದರೆ ಆ ಊರಿನದೇ ಅನ್ನುವ ಕಾನೂನಿನ ಗುರುತು ಸಿಕ್ಕಿದೆ. ಮುಂಬೈಯಲ್ಲಿ ದಕ್ಷಿಣ ಕನ್ನಡದವರ ಮನೆ ಕಪಾಟಿನಲ್ಲಿ ಒಂದಾದರೂ ಇರುತ್ತದೆ. ಅಜ್ಜಿ ಉಟ್ಟು ಮೆತ್ತಗಾದ ಸೀರೆ ಇದ್ದು, ಅಜ್ಜಿಯೇ ಮನಸಾರೆ ಕೊಟ್ಟರೆ, ಒಂದರಲ್ಲಿ ಎರಡು ಅಂಗಿ ಆಗುತ್ತದೆ. ಹೊಸ ಸೀರೆ ತಂದು ಕತ್ತರಿಸಬೇಡಿ. ನೇಯುವವರು ಬಹಳ ಕಡಿಮೆ, ಉಡುವವರಿಗೇ ಅದು ಸಿಗಲಿ.

ನಮ್ಮ ಖಣ, ನಮ್ಮ ಇಳಕಲ್

ಈಗ ಆ ಹರಿದ ಅಂಗಿಯ ವಿಷಯಕ್ಕೆ ಬರುತ್ತೇನೆ.

ಗುಳೇದಗುಡ್ಡ ಖಣ ಕುಬಸಕ್ಕೆ ಅಂತಲೇ ಹುಟ್ಟಿದ ಬಟ್ಟೆ. ಉದ್ದಕ್ಕೆ ಹೋಗುವ ಹಾಸಿನ ಎಳೆ ರೇಷ್ಮೆ ಅಥವಾ ಕೃತಕ ರೇಷ್ಮೆ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಹತ್ತಿ. ಹಾಸಿನಲ್ಲೇ ಹೆಚ್ಚಿಗೆ ಎಳೆ ಕೊಟ್ಟು ಆ ಸಣ್ಣ ಸಣ್ಣ ಚಿತ್ರಗಳನ್ನು ಎಬ್ಬಿಸುತ್ತಾರೆ. ಕುಬಸ ಮೈಗೆ ಬಿಗಿಯಾಗಿ ಕೂರುತ್ತದೆ, ಒಳಗೆ ಅಸ್ತರ್ ಇರುತ್ತದೆ, ಎಳೆತ ಎಲ್ಲ ಅಸ್ತರ್ ಮೇಲೆ ಬೀಳುತ್ತದೆ. ಅದಕ್ಕೇ ಅಜ್ಜಿಯರ ಕುಬಸಗಳು ಮೂವತ್ತು ವರ್ಷ ಬಾಳಿದವು. ನಾನು ಅದೇ ಬಟ್ಟೆಯನ್ನು ಅಸ್ತರ್ ಇಲ್ಲದೆ ಸಡಿಲ ಅಂಗಿ ಮಾಡಿದೆ. ರೇಷ್ಮೆಯ ನುಣುಪು ಎಳೆ, ಭುಜದ ಮೇಲೆ ಕಾಲೇಜು ಬ್ಯಾಗು, ಕಂಬಿ ಹಿಡಿದು ಎತ್ತಿದ ತೋಳು. ಜಾರದೆ ಇನ್ನೇನು ಮಾಡೀತು?

ಪನ್ನದ ತೊಡಕೂ ಇದೆ. ಹಳೆ ಖಣದ ಅಗಲ ಬಹಳ ಕಿರಿದು. ಅಂಗಿಗೆ ಎಲ್ಲೆಲ್ಲೂ ಜೋಡಿಸಬೇಕು. ಜೋಡಿಸಿದಷ್ಟೂ ಹೊಲಿಗೆ ಜಾಸ್ತಿ, ಹೊಲಿಗೆ ಜಾಸ್ತಿ ಆದಷ್ಟೂ ಜಾರುವ ಜಾಗ ಜಾಸ್ತಿ. ಅಸ್ತರ್ ಹಾಕಿದರೆ ಗಟ್ಟಿ ಆಗುತ್ತದೆ, ಆದರೆ ಮುಂಬೈಯಲ್ಲಿ ಎರಡು ಪದರ ಯಾರು ತಡೆಯುತ್ತಾರೆ?

ಹಾಗಂತ ಖಣ ಬಿಡಬೇಕಾ? ಖಂಡಿತ ಬೇಡ. ಖಣ ಇರುವುದು ಕಾಣಲಿಕ್ಕೆ. ಅದನ್ನು ಎಳೆತ ಇಲ್ಲದ ಜಾಗಕ್ಕೆ ಹಾಕಿ. ಬೆನ್ನಿನ ಮೇಲ್ಭಾಗದ ಯೋಕ್, ಎದೆಯ ಜೇಬು, ಕಾಲರಿನ ಒಳಮೈ, ಗುಂಡಿಪಟ್ಟಿ, ಮಡಚಿದಾಗ ಕಾಣುವ ತೋಳಿನ ಒಳತುದಿ. ಯೋಕ್ ಹೇಗೂ ಎರಡು ಪದರ ಇರುತ್ತದೆ. ಒಳಗೆ ಹತ್ತಿ, ಹೊರಗೆ ಖಣ ಹಾಕಿದರೆ ಹತ್ತಿಯೇ ಅಸ್ತರ್ ಆಗುತ್ತದೆ. ಉಳಿದ ಅಂಗಿ ಕಪ್ಪು ಮಂಗಳಗಿರಿಯೋ ಬಿಳಿ ಖಾದಿಯೋ ಇರಲಿ. ಬ್ಯಾಗಿಗೆ, ಟೋಪಿಗೆ, ಶೂ ಮೇಲಿನ ಪಟ್ಟಿಗೆ ಖಣ ಧಾರಾಳವಾಗಿ ಬಳಸಿ.

ಇನ್ನೊಂದು ಮಾತು. ಮುಂಬೈ ಪುಣೆಯಲ್ಲಿ ಮರಾಠಿ ಮಂದಿ ಖಣವನ್ನು ತಮ್ಮದೇ ಅಂತ ಪ್ರೀತಿಸುತ್ತಾರೆ. ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಖಣದ ಸೀರೆ, ಖಣದ ಫ್ರಾಕು, ಖಣದ ಪರ್ಸು ಎಲ್ಲ ತೂಗಿರುತ್ತವೆ. ಗುಳೇದಗುಡ್ಡದ ಮಗ್ಗಗಳು ಇಷ್ಟು ದಿನ ಉಸಿರಾಡಿದ್ದರಲ್ಲಿ ಈ ಊರುಗಳ ಹೆಂಗಸರ ಪಾಲು ದೊಡ್ಡದು. ನನಗೆ ಅವರ ಮೇಲೆ ಬಹಳ ಗೌರವ. ಆದರೆ ತೂಗಿರುವುದರಲ್ಲಿ ಜಾಸ್ತಿ ಪವರ್‌ಲೂಮ್‌ನದು, ಪಾಲಿಯೆಸ್ಟರ್‌ನದು. ಅಗಲ ಪನ್ನದಲ್ಲಿ ಮೀಟರುಗಟ್ಟಲೆ ಸಿಕ್ಕರೆ ಮೊದಲು ಅನುಮಾನಪಡಿ. ಅಂಚಿನಿಂದ ಒಂದು ಎಳೆ ಕಿತ್ತು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ.

ಇಳಕಲ್ ಸೀರೆಯ ಲೆಕ್ಕ ಬೇರೆ. ಅದರಲ್ಲಿ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಕೆಂಪು ಬಿಳಿಯ ತೋಪು ತೆನಿ ಸೆರಗು ಹುಟ್ಟುವುದು ಹಾಗೆ. ಹತ್ತಿಗೆ ಹತ್ತಿ ಹಾಕಿ ನೇಯ್ದ ಇಳಕಲ್ ಸಿಕ್ಕರೆ ಅದರ ಮೈ ಬಟ್ಟೆ ಸಡಿಲ ಅಂಗಿಗೂ ಆಗುತ್ತದೆ, ಜೋಲು ಪ್ಯಾಂಟಿಗೂ ಆಗುತ್ತದೆ. ಆ ಸಣ್ಣ ಚೌಕಳಿ, ಆ ಅಂಚು ಬೀದಿಯಲ್ಲಿ ದೂರದಿಂದಲೇ ಗುರುತು ಸಿಗುತ್ತದೆ. ಸೆರಗನ್ನು ಮಾತ್ರ ಚೂರು ಚೂರು ಮಾಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಇಡಿಯಾಗಿ ಜಾಕೆಟ್ಟಿನ ಬೆನ್ನಿಗೆ ಹಾಕಿ. ತೆನಿ ಮೇಲ್ಮುಖವಾಗಿ ನಿಲ್ಲಲಿ. ಕೃತಕ ರೇಷ್ಮೆಯ ಹಾಸಿನ ಇಳಕಲ್ ಆದರೆ ಖಣಕ್ಕೆ ಹೇಳಿದ್ದೇ ಇದಕ್ಕೂ.

ಕೆಂಪು ಬಿಡುವುದು ಎರಡರಲ್ಲೂ ಇದೆ. ಹೊಲಿಯುವ ಮೊದಲು ತಣ್ಣೀರಲ್ಲಿ ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ನೀರು ತಿಳಿಯಾಗುವ ತನಕ ಜಾಲಿಸುತ್ತಾ ಇರಿ. ಉಪ್ಪು ಬಣ್ಣ ಕಟ್ಟುತ್ತದೆ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಜಾಸ್ತಿ ಇದ್ದ ಬಣ್ಣ ಜಾಲಿಸುವುದರಲ್ಲೇ ಹೋಗುತ್ತದೆ.

ಖಣ ಸಿಗದವರಿಗೆ ಕಸೂತಿ ಇದೆ. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕೇ ಹೊಲಿಗೆ. ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವ ಹಾಗಿಲ್ಲ. ಸಾದಾ ಅಂಗಿಯ ಎದೆ ಜೇಬಿನ ಮೇಲೆ ಒಂದು ಗೋಪುರವೋ ಆನೆಯೋ ಸಾಕು. ಮಷಿನ್ ಕಸೂತಿಯನ್ನು ಗುರುತಿಸುವುದು ಸುಲಭ. ತಿರುಗಿಸಿ ನೋಡಿ. ಗವಂತಿ ಎರಡೂ ಕಡೆ ಒಂದೇ ಥರ ಕಾಣಬೇಕು.

ಅಜ್ರಖ್ ಅಥವಾ ಇಕತ್?

ಇಡೀ ಮೈ ತುಂಬ ಚಿತ್ರ ಬೇಕು ಅನ್ನುವವರಿಗೆ ಈ ಎರಡರಲ್ಲಿ ಆಯ್ಕೆ.

ಅಜ್ರಖ್ ಕಚ್ಛದ ಖತ್ರಿ ಸಮುದಾಯದ ಕೈಯ ಕೆಲಸ. ಬಟ್ಟೆಯನ್ನು ಅಳಲೆಕಾಯಿ ನೀರಲ್ಲಿ ಅದ್ದುತ್ತಾರೆ. ಬಣ್ಣ ಹತ್ತಬಾರದ ಜಾಗಕ್ಕೆ ಸುಣ್ಣ, ಅಂಟು ಸೇರಿಸಿದ ಅಚ್ಚು ಒತ್ತುತ್ತಾರೆ. ಕಪ್ಪಿಗೆ ಕಬ್ಬಿಣದ ತುಕ್ಕು ಮತ್ತು ಬೆಲ್ಲ ಕೊಳೆಸಿದ ರಸ. ನೀಲಿಗೆ ನೀಲಿ ಗಿಡದ ಬಣ್ಣ, ಕೆಂಪಿಗೆ ಮಂಜಿಷ್ಠ. ಒಗೆಯುವುದು, ಒಣಗಿಸುವುದು, ಮತ್ತೆ ಒತ್ತುವುದು. ಹದಿನಾಲ್ಕೋ ಹದಿನಾರೋ ಹಂತ ಆಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ನೀರು ಈ ಕೆಲಸಕ್ಕೆ ಎಷ್ಟು ಮುಖ್ಯ ಅಂದರೆ, 2001ರ ಭೂಕಂಪದ ಮೇಲೆ ಧಮಡ್ಕಾ ಹಳ್ಳಿಯ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿಯಾಗಿ ಬಣ್ಣ ಕೆಡತೊಡಗಿತು. ಆಗ ಬಹಳ ಕುಟುಂಬಗಳು ಭುಜ್ ಹತ್ತಿರ ಹೊಸ ಊರು ಕಟ್ಟಿಕೊಂಡವು. ಅದಕ್ಕೆ ಅಜ್ರಖ್‌ಪುರ ಅಂತಲೇ ಹೆಸರಿಟ್ಟರು.

ಇಷ್ಟು ಒಗೆದು ಒಗೆದು ಬಂದ ಬಟ್ಟೆ ಮೊದಲ ದಿನವೇ ಮೆತ್ತಗಿರುತ್ತದೆ. ಸಡಿಲ ಅಂಗಿಯಾಗಿ ಬೀಳುವುದೂ ಚಂದ. ಆದರೆ ಮಾರುಕಟ್ಟೆಯಲ್ಲಿ ಅಜ್ರಖ್ ಅಂತ ಮಾರುವ ಬಹುಪಾಲು ಸ್ಕ್ರೀನ್ ಪ್ರಿಂಟು. ನಾನೂ ಒಂದು ಸಲ ಫುಟ್‌ಪಾತಿನ ಅಂಗಡಿಯಲ್ಲಿ ಮೀಟರಿಗೆ 120 ರೂಪಾಯಿ ಕೊಟ್ಟು ತಂದು, ಮನೆಗೆ ಬಂದ ಮೇಲೆ ಹಿಂದೆ ತಿರುಗಿಸಿ ನೋಡಿದೆ. ಬಿಳಿ ಬಿಳಿ. ಅಸಲಿ ಅಜ್ರಖ್‌ನಲ್ಲಿ ಬಣ್ಣ ಹಿಂಬದಿಗೂ ಇಳಿದಿರುತ್ತದೆ. ಅಚ್ಚು ಅಚ್ಚು ಸೇರುವ ಕಡೆ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಆ ವ್ಯತ್ಯಾಸ ಪ್ರತಿ ಸಾಲಲ್ಲೂ ಬೇರೆ ಬೇರೆ ಇದ್ದರೆ ಕೈಯದು. ಒಂದೇ ತಪ್ಪು ಒಂದೇ ಅಳತೆಗೆ ಮತ್ತೆ ಮತ್ತೆ ಬಂದರೆ ಸ್ಕ್ರೀನ್. ಅಸಲಿಗೆ ನಾನು ಕೊಟ್ಟದ್ದು ಮೀಟರಿಗೆ 550.

ಇಕತ್‌ನಲ್ಲಿ ಚಿತ್ರ ನೂಲಿನಲ್ಲೇ ಇರುತ್ತದೆ. ನೇಯುವ ಮೊದಲೇ ನೂಲನ್ನು ಕಟ್ಟಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ನೇಯ್ದಾಗ ಚಿತ್ರ ತಾನಾಗಿ ಕೂಡಿಕೊಳ್ಳುತ್ತದೆ, ಅಂಚು ಸ್ವಲ್ಪ ಕದಡಿದ ಹಾಗೆ ಕಾಣುತ್ತದೆ. ತೆಲಂಗಾಣದ ಪೋಚಂಪಳ್ಳಿಯದು ಸುಲಭವಾಗಿ ಸಿಗುತ್ತದೆ. ಬಟ್ಟೆ ಅಜ್ರಖ್‌ಗಿಂತ ಗಟ್ಟಿ, ಬ್ಯಾಗಿನ ಉಜ್ಜಾಟ ತಡೆಯುತ್ತದೆ.

ದಿನಾ ಲೋಕಲ್‌ನಲ್ಲಿ ಹೋಗುವವರು ಇಕತ್ ತಗೊಳ್ಳಿ. ಕೈಲಿ ದುಡ್ಡಿದ್ದು, ಒಂದೇ ಅಂಗಿಯನ್ನು ಹತ್ತು ವರ್ಷ ಪ್ರೀತಿಯಿಂದ ಇಟ್ಟುಕೊಳ್ಳುವವರು ಅಜ್ರಖ್ ತಗೊಳ್ಳಿ. ಗಿಡದ ಬಣ್ಣವೇ ಬೇಕು, ಆದರೆ ಚಿತ್ರ ಬೇಡ ಅನ್ನುವವರಿಗೆ ಸಾಗರದ ಹತ್ತಿರ ಹೆಗ್ಗೋಡಿನ ಚರಕ ಸಂಸ್ಥೆಯ ಬಟ್ಟೆ ಇದೆ. ಅಡಿಕೆ ಚೊಗರಿನಿಂದ ಬರುವ ಆ ಕಂದುಗೆಂಪು ಬೇರೆ ಎಲ್ಲೂ ನೋಡಿಲ್ಲ. ಊರಿಗೆ ಹೋದಾಗ ತನ್ನಿ.

ಪ್ಯಾಂಟಿಗೆ

ನಮ್ಮ ಸ್ಲೋ ಲೋಕಲ್ ಸ್ಯಾಂಡ್‌ಹರ್ಸ್ಟ್ ರೋಡ್ ದಾಟುವಾಗ ಪಕ್ಕದಲ್ಲೇ ಡೋಂಗ್ರಿ. ಡಂಗರಿ ಅಂತ ಜಗತ್ತೆಲ್ಲ ಕರೆಯುವ ಒರಟು ಬಟ್ಟೆಗೆ ಹೆಸರು ಬಂದದ್ದು ಈ ಡೋಂಗ್ರಿಯಿಂದ. ಹಡಗಿನವರು ಇಲ್ಲಿಂದ ಕೊಂಡೊಯ್ದ ಒರಟು ಹತ್ತಿ ಬಟ್ಟೆ ಅದು. ಬ್ಯಾಂಡಾನಾ ಅನ್ನುವ ಪದವೂ ನಮ್ಮ ಬಾಂಧಣಿ, ಅಂದರೆ ಬಟ್ಟೆಯನ್ನು ಕಟ್ಟಿ ಬಣ್ಣ ಹಾಕುವ ಕೆಲಸದ ಕಡೆಯಿಂದ ಹೋದದ್ದು. ಕಾರ್ಗೋ ಪ್ಯಾಂಟಿನ ಖಾಕಿಯನ್ನು 19ನೇ ಶತಮಾನದಲ್ಲಿ ಮಂಗಳೂರು ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಇದನ್ನು ಹೇಳಿದಾಗ ಹುಡುಗರ ಕಣ್ಣು ಅಗಲವಾಯಿತು. ಹೊರಗಿನ ಫ್ಯಾಷನ್ ಅಂತ ಅವರು ಹಾಕುವುದರಲ್ಲಿ ಅರ್ಧ ಇಲ್ಲಿಂದಲೇ ಹೋಗಿ ಬಂದದ್ದು ಅಲ್ವಾ?

ಆಯ್ಕೆ ಸರಳ. ಮಳೆಗಾಲದಲ್ಲಿ ಡೆನಿಮ್ ಒಣಗಲು ಎರಡು ದಿನ ಬೇಕು, ಮುಗ್ಗಲು ವಾಸನೆ ಬೇರೆ. ಎರಡೆಳೆ ನೂಲಿನ ದಪ್ಪ ಖಾದಿ ರಾತ್ರಿ ಫ್ಯಾನಿನ ಕೆಳಗೆ ಒಣಗುತ್ತದೆ. ಸೊಂಟಕ್ಕೆ ಅಗಲ ಇಲಾಸ್ಟಿಕ್ ಮತ್ತು ಲಾಡಿ ಎರಡೂ ಹಾಕಿಸಿ. ತೊಡೆ ಸಂದಿಯಲ್ಲಿ ಒಂದು ಚೌಕ ತುಂಡು ಕೂರಿಸಲು ಹೇಳಿ. ನಮ್ಮ ಹಳೆ ಚಲ್ಲಣ, ಪೈಜಾಮಗಳಲ್ಲಿ ಇರುತ್ತಿತ್ತಲ್ಲ, ಅದೇ. ಮೆಟ್ಟಿಲು ಎರಡೆರಡು ಹಾರಿದರೂ ಹರಿಯುವುದಿಲ್ಲ. ಮನೆ ಹತ್ತಿರದ ಓಡಾಟಕ್ಕೆ ಲುಂಗಿ ಚೌಕಳಿಯ ಅರ್ಧಪ್ಯಾಂಟು ಸಾಕು. ಬಿಳಿ ಬಟ್ಟೆ ಜೊತೆ ಮಾತ್ರ ಒಗೆಯಬೇಡಿ.

ಪುಣೆಯವರಿಗೆ ಒಂದು ಬೇರೆ ಮಾತು. ಅಲ್ಲಿ ಡಿಸೆಂಬರ್ ಬೆಳಿಗ್ಗೆ ನಿಜವಾದ ಚಳಿ ಇದೆ, ಬೈಕಿನ ಮೇಲೆ ಕಾಲೇಜಿಗೆ ಹೋಗಬೇಕು. ಸೊಲ್ಲಾಪುರದ ಚಾದರದಲ್ಲಿ ಜಾಕೆಟ್ ಹೊಲಿಸಿ. ದಪ್ಪ ಹತ್ತಿ, ಎರಡೂ ಬದಿ ಚಿತ್ರ, ಅಸ್ತರ್ ಬೇಕಿಲ್ಲ. ಒಂದು ಡಬಲ್ ಚಾದರದಲ್ಲಿ ಒಂದು ಜಾಕೆಟ್ ಆಗಿ ಚೀಲಕ್ಕೂ ಉಳಿಯುತ್ತದೆ. ಮುಂಬೈಯವರು ಇದನ್ನು ಹಾಕುವ ಆಸೆ ಬಿಡಿ.

ಎಲ್ಲಿ, ಹೇಗೆ ಕೊಳ್ಳುವುದು

ನಾನು ಹೋಗುವುದು ಕಾಲ್ಬಾದೇವಿಯ ಮಂಗಲದಾಸ್ ಮಾರ್ಕೆಟ್. ಭಾನುವಾರ ರಜೆ. ಬೆಳಿಗ್ಗೆ ಹೊತ್ತೇ ಹೋಗಿ, ಆಗ ಅಂಗಡಿಯವರಿಗೂ ತಾಳ್ಮೆ ಇರುತ್ತದೆ. ಭಿವಂಡಿ, ಇಚಲಕರಂಜಿ, ಮಾಲೆಗಾಂವ್ ಪವರ್‌ಲೂಮ್ ಊರುಗಳು ಮಹಾರಾಷ್ಟ್ರದಲ್ಲೇ ಇವೆ. ಅಲ್ಲಿಯ ಬಟ್ಟೆ ಕೆಟ್ಟದ್ದಲ್ಲ, ಅದನ್ನು ಕೈಮಗ್ಗದ ಬೆಲೆಗೆ ಕೊಳ್ಳುವುದು ತಪ್ಪು. ಬಟ್ಟೆಯ ಅಂಚು ನೋಡಿ. ಹೊಕ್ಕಿನ ಎಳೆ ತುದಿಯಲ್ಲಿ ತಿರುಗಿ ವಾಪಸ್ ಒಳಗೆ ಹೋಗಿದ್ದರೆ, ಎಳೆ ಹೊತ್ತು ಆಚೀಚೆ ಹೋಗುವ ಲಾಳಿ ಓಡಿದೆ ಅಂತ ಅರ್ಥ. ಕತ್ತರಿಸಿ ಜುಂಜು ಬಿಟ್ಟಿದ್ದರೆ ಅದು ಕೈಮಗ್ಗದ್ದು ಅಲ್ಲವೇ ಅಲ್ಲ. ಲಾಳಿ ಓಡುವ ಪವರ್‌ಲೂಮ್‌ಗಳೂ ಇವೆ, ಅದಕ್ಕೆ ಅಂಚೊಂದೇ ಸಾಲದು. ಬಟ್ಟೆಗೆ ಕೈಮಗ್ಗದ ಗುರುತಿನ ಲೇಬಲ್ ಇದೆಯಾ ಕೇಳಿ, ಬಿಲ್ಲಿನ ಮೇಲೆ ಹ್ಯಾಂಡ್‌ಲೂಮ್ ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕ ಹಾಗೇ.

ತಂದ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಆಮೇಲೆ ಟೈಲರಿಗೆ ಕೊಡಿ. ಮೀಟರಿಗೆ ನಾಲ್ಕೈದು ಸೆಂಟಿಮೀಟರ್ ಕಿರಿದಾಗುವುದು ಮಾಮೂಲು, ಖಾದಿ ಇನ್ನೂ ಜಾಸ್ತಿ. ಟೈಲರಿಗೆ ಎರಡೇ ಮಾತು ಹೇಳಿ. ಹೊಲಿಗೆಗೆ ಮುಕ್ಕಾಲು ಇಂಚು ಬಿಡಿ, ಕಂಕುಳಲ್ಲಿ ಮಡಚಿ ಎರಡು ಸಲ ಹೊಲಿಯಿರಿ. ಬರೀ ಓವರ್‌ಲಾಕ್ ಹೊಡೆದು ಕೊಟ್ಟರೆ ವಾಪಸ್ ಕೊಡಿ.

ಒಂದೇ ಅಂಗಿಗೆ ದುಡ್ಡಿದ್ದರೆ ಮಂಗಳಗಿರಿ, ಎರಡನೆಯದಕ್ಕೆ ಖಾದಿ, ಮೂರನೆಯದಕ್ಕೆ ಇಕತ್. ನನ್ನ ಕೈ ಈಗ ಆರಿಸುವ ಕ್ರಮ ಇದು.

ಆ ಹರಿದ ಖಣದ ಅಂಗಿಯನ್ನು ನಾನು ಬಿಚ್ಚಿದೆ. ಚೆನ್ನಾಗಿದ್ದ ಭಾಗ ಜಾಲಿಸಿ ಜಾಲಿಸಿ ಕೆಂಪು ಬಿಡಿಸಿದೆ. ಕಪ್ಪು ಮಂಗಳಗಿರಿ ತಂದು ಹೊಸ ಅಂಗಿ ಹೊಲಿದು, ಬೆನ್ನಿನ ಯೋಕ್‌ಗೆ ಆ ಖಣ ಹಾಕಿದೆ. ವರ್ಷ ಆಗುತ್ತಾ ಬಂತು, ವಾರಕ್ಕೆ ಎರಡು ಸಲ ಹಾಕುತ್ತಾನೆ. ಮೊನ್ನೆ ಲೋಕಲ್‌ನಲ್ಲಿ ಹಿಂದೆ ನಿಂತಿದ್ದ ಮರಾಠಿ ಅಜ್ಜಿಯೊಬ್ಬರು ಅವನ ಬೆನ್ನು ಮುಟ್ಟಿ, "ಖಣ ಆಹೆ ನಾ ಹಾ?" ಅಂತ ಕೇಳಿದರಂತೆ. ಇವನು ಹೌದು ಅಂದು, ಗುಳೇದಗುಡ್ಡದ್ದು ಅಂತಲೂ ಹೇಳಿದನಂತೆ. ದಾದರ್ ಬರುವ ತನಕ ಆ ಅಜ್ಜಿ ತಮ್ಮ ಮದುವೆಯ ಖಣದ ಬಣ್ಣ ಹೇಳುತ್ತಿದ್ದರಂತೆ.